ಯಾವ ಆರ್ಸೆನಿಕ್ ಅಂತ ಹೇಳಿ, ಆಮೇಲೆ ಹೆದರಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಒಂದು ಬರಹ ಬಂದಿತ್ತು. ‘ತಟ್ಟೆಯಲ್ಲಿ ಪಾಷಾಣ’ ಅಂತ ದಪ್ಪ ಅಕ್ಷರ, ಕೆಳಗೆ ಕೆಂಪಗೆ ಹುರಿದ ಸಿಗಡಿಯ ಚಿತ್ರ. ಸಿಗಡಿ, ಏಡಿ, ನಂಗು ಮೀನುಗಳಲ್ಲಿ ಕುಡಿಯುವ ನೀರಿನ ಮಿತಿಗಿಂತ ನೂರಾರು ಪಟ್ಟು ಆರ್ಸೆನಿಕ್ ಇದೆ ಎಂದು ಅದರಲ್ಲಿ ಬರೆದಿದ್ದರು. ಬರೆದವರ ಗುಣಾಕಾರ ಭಾಗಾಕಾರ ತಪ್ಪಿಲ್ಲ. ಆದರೆ ಆ ಲೆಕ್ಕದಿಂದ ಮೀನು ತಿನ್ನುವವರಿಗೆ ಏನೂ ಗೊತ್ತಾಗುವುದಿಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕಲೇಬೇಕು ಅಂತಾದರೆ ನನ್ನ ಭಾವನ ಕತೆಗೆ ಹಾಕಿ. ಮೆಗ್ನೀಷಿಯಂ ನೈಟ್ರೇಟ್ ಕತೆಯನ್ನು ಮಾತ್ರ ಮುಟ್ಟಬೇಡಿ.

ನಾನು ಮಲ್ಪೆ ಹತ್ತಿರದವಳು. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ನಮ್ಮನ್ನು ಓದಿಸಿದರು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಒಂದು ಖಾಸಗಿ ಲ್ಯಾಬ್‌ಗೆ ಸೇರಿದೆ. ಹೊರದೇಶಕ್ಕೆ ಮೀನು ಕಳಿಸುವ ಕಂಪನಿಗಳ ಸ್ಯಾಂಪಲ್ ಅಲ್ಲಿಗೆ ಬರುತ್ತಿತ್ತು. 29 ವರ್ಷ ಅಲ್ಲೇ ಇದ್ದೆ. ವಿಜ್ಞಾನಿ ಅಂತ ಹೇಳಿಕೊಳ್ಳುವುದಿಲ್ಲ. ಸಿಗಡಿಯನ್ನು ಅರೆದು, ತೂಗಿ, ಆಸಿಡ್‌ನಲ್ಲಿ ಕರಗಿಸಿ, ಮೆಷಿನ್‌ಗೆ ಕೊಟ್ಟು, ಬಂದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವವಳು. ಆದರೆ ಆ ಸಂಖ್ಯೆ ಹೇಗೆ ಬರುತ್ತದೆ, ಎಲ್ಲಿ ಮೋಸ ಮಾಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಬರಹ ಬಂದ ಮರುದಿನ ನನ್ನ ಚಿಕ್ಕಮ್ಮನ ಮಗಳು ಸಿಗಡಿ ಬುಟ್ಟಿಯನ್ನು ಅರ್ಧಕ್ಕರ್ಧ ವಾಪಸ್ ತಂದಳು. ಅವಳೂ ಮೀನು ಮಾರುತ್ತಾಳೆ. ವಾರ ವಾರ ತೆಗೆದುಕೊಳ್ಳುವ ಮನೆಯವರೇ ‘ಬೇಡ ಮಾರಾಯ್ತಿ, ಇದರಲ್ಲಿ ಇಲಿ ಪಾಷಾಣ ಉಂಟಂತೆ’ ಅಂದರಂತೆ. ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿದು, ಬೋಟುಗಳು ಈಗಷ್ಟೇ ಕಡಲಿಗೆ ಇಳಿದಿವೆ. ನಾಲ್ಕು ಕಾಸು ನೋಡುವ ಹೊತ್ತು ಇದು. 2018ರಲ್ಲಿ ಫಾರ್ಮಾಲಿನ್ ಸುದ್ದಿ ಬಂದಾಗಲೂ ಅವಳ ಬುಟ್ಟಿ ಹೀಗೇ ವಾಪಸ್ ಬಂದಿತ್ತು. ಆದರೆ ಫಾರ್ಮಾಲಿನ್ ಮನುಷ್ಯರು ಸುರಿದದ್ದು. ಈ ಆರ್ಸೆನಿಕ್ ಹಾಗಲ್ಲ.

ಸಮುದ್ರದ ನೀರಿನಲ್ಲಿ ಆರ್ಸೆನಿಕ್ ಮೊದಲಿನಿಂದಲೂ ಇದೆ. ಲೀಟರಿಗೆ ಒಂದೆರಡು ಮೈಕ್ರೋಗ್ರಾಂ, ಅಷ್ಟೇ. ಕಲ್ಲು ಮಣ್ಣಿನಿಂದ ಕರಗಿ ಬಂದದ್ದು. ಅದು ಹೆಚ್ಚಾಗಿ ಆರ್ಸೆನೇಟ್ ಎಂಬ ರೂಪದಲ್ಲಿರುತ್ತದೆ. ನೋಡಲಿಕ್ಕೆ ಥೇಟ್ ಫಾಸ್ಫೇಟ್. ಪಾಚಿಗೆ ಬದುಕಲು ಫಾಸ್ಫೇಟ್ ಬೇಕು. ಕಡಲಲ್ಲಿ ಅದು ಸಿಗುವುದೇ ಕಡಿಮೆ. ಹಾಗಾಗಿ ಪಾಚಿ ಬಾಯಿ ಬಿಟ್ಟು ಕಾಯುತ್ತಿರುತ್ತದೆ, ಫಾಸ್ಫೇಟ್ ಅಂದುಕೊಂಡು ಆರ್ಸೆನೇಟನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಬಂದ ಮೇಲೆ ಗೊತ್ತಾಗುತ್ತದೆ ಇದು ನೆಂಟ ಅಲ್ಲ, ಕಳ್ಳ ಅಂತ. ಹೊರಗೆ ಹಾಕುವಷ್ಟು ಹಾಕಿ, ಉಳಿದದ್ದನ್ನು ಕಟ್ಟಿ ಕೂರಿಸುತ್ತದೆ. ಇಂಗಾಲದ ಗುಂಪುಗಳನ್ನು ಅಂಟಿಸಿ, ಸಕ್ಕರೆಯ ಜತೆ ಸೇರಿಸಿ ಇಡುತ್ತದೆ. ಇದಕ್ಕೆ ಆರ್ಸೆನೊ ಸಕ್ಕರೆ ಎನ್ನುತ್ತಾರೆ. ಪಾಚಿ ತಿನ್ನುವ ಸಣ್ಣ ಜೀವಿ, ಅದನ್ನು ತಿನ್ನುವ ಸಿಗಡಿ, ಸಿಗಡಿ ತಿನ್ನುವ ಮೀನು, ಹೀಗೆ ಮೇಲೆ ಹೋಗುತ್ತಾ ಕೊನೆಗೆ ಆ ಆರ್ಸೆನಿಕ್‌ನ ಬಹುಪಾಲು ಆರ್ಸೆನೊಬೀಟೈನ್ ಎಂಬ ರೂಪದಲ್ಲಿ ನಿಲ್ಲುತ್ತದೆ.

ಈ ಹೆಸರೊಂದನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು. 1977ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಎಡ್ಮಂಡ್ಸ್, ಫ್ರಾನ್ಸೆಸ್ಕೋನಿ ಮತ್ತು ಜತೆಗಾರರು ಅಲ್ಲಿನ ಕಲ್ಲೇಡಿಯ, ಅಂದರೆ ರಾಕ್ ಲಾಬ್‌ಸ್ಟರ್‌ನ ಮಾಂಸದಿಂದ ಇದನ್ನು ಬೇರೆ ಮಾಡಿ ತೆಗೆದು, ಇದು ಇಂಥದ್ದೇ ಅಂತ ತೋರಿಸಿದರು. ಕಡಲ ಜೀವಿಗಳಲ್ಲಿ ಆರ್ಸೆನಿಕ್ ಇದೆ ಎಂಬುದು ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. 1926ರಲ್ಲೇ ಇಂಗ್ಲೆಂಡಿನ ಚಾಪ್‌ಮನ್ ಎಂಬ ರಸಾಯನಜ್ಞ ಸಿಗಡಿ, ಚಿಪ್ಪುಮೀನುಗಳ ಆರ್ಸೆನಿಕ್ ಬಗ್ಗೆ ಬರೆದಿದ್ದರು. 1935ರಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ಒಂದು ಕಡೆ ಸಿಗಡಿಯ ಆರ್ಸೆನಿಕ್, ಇನ್ನೊಂದು ಕಡೆ ಬಿಳಿ ಪಾಷಾಣ, ಅಂದರೆ ಇಲಿ ಕೊಲ್ಲುವ ಆರ್ಸೆನಿಕ್, ತಿನ್ನಿಸಿ ನೋಡಿದರು. ಬಿಳಿ ಪಾಷಾಣ ಇಲಿಗಳ ಮೈಯಲ್ಲಿ ಕೂತಿತು. ಸಿಗಡಿಯದು ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಯಿತು. ಎರಡೂ ಆರ್ಸೆನಿಕ್ಕೇ. ಒಂದು ನಿಲ್ಲುತ್ತದೆ, ಒಂದು ಹೋಗುತ್ತದೆ. ಯಾಕೆ ಅಂತ ತಿಳಿಯಲು ಇನ್ನೂ 40 ವರ್ಷ ಬೇಕಾಯಿತು.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ, ಬೈಸಿಕೊಂಡು.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಆಗ ನಮ್ಮಲ್ಲಿ ಆರ್ಸೆನಿಕ್ ಅಳೆಯುವ ಕ್ರಮ ಹೀಗಿತ್ತು: ಮೀನನ್ನು ನೈಟ್ರಿಕ್ ಆಸಿಡ್‌ನಲ್ಲಿ ಕಾಯಿಸಿ ಕರಗಿಸುವುದು. ಅದಕ್ಕೆ ಬೋರೋಹೈಡ್ರೈಡ್ ಸೇರಿಸುವುದು. ಆರ್ಸೆನಿಕ್ ಇದ್ದರೆ ಆರ್ಸೀನ್ ಎಂಬ ಅನಿಲವಾಗಿ ಏಳುತ್ತದೆ. ಆ ಅನಿಲವನ್ನು ಕಾದ ಗಾಜಿನ ಕೊಳವೆಗೆ ಬಿಟ್ಟರೆ ಮೆಷಿನ್ ಓದುತ್ತದೆ. ನನ್ನ ಪುಸ್ತಕದಲ್ಲಿ ಸಿಗಡಿಗೆ ಬರುತ್ತಿದ್ದ ಸಂಖ್ಯೆ ಇಷ್ಟೇ ಇಷ್ಟು. ಒಮ್ಮೆ ಒಬ್ಬ ಹೊರದೇಶದ ಖರೀದಿದಾರ ಅದೇ ಸರಕನ್ನು ತನ್ನ ಕಡೆಯ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ. ಅಲ್ಲಿ ಬಂದದ್ದು ನನ್ನ ಸಂಖ್ಯೆಯ ಇಪ್ಪತ್ತು ಪಟ್ಟಿಗೂ ಜಾಸ್ತಿ. ಮೇಲಿನವರು ನನ್ನನ್ನು ಕರೆದರು. ತೂಗಿದ್ದು ಸರಿಯಾ, ಸ್ಯಾಂಪಲ್ ಅದಲುಬದಲು ಆಯಿತಾ, ಆಸಿಡ್ ಹಳೆಯದಾ, ಹೀಗೆ ಒಂದೊಂದೇ ಕೇಳಿದರು. ಕೊನೆಗೆ ‘ಕೆಲಸದ ಮೇಲೆ ಗಮನ ಇಲ್ಲ’ ಅಂತ ಹೇಳಿ ಮುಗಿಸಿದರು. ನಾನು ಮೂರು ದಿನ ಅದೇ ಸಿಗಡಿಯನ್ನು ಮತ್ತೆ ಮತ್ತೆ ಮಾಡಿದೆ. ಮೂರು ದಿನವೂ ಅದೇ ಚಿಕ್ಕ ಸಂಖ್ಯೆ. ಮನೆಗೆ ಹೋಗಿ ಅತ್ತದ್ದೂ ಉಂಟು.

ಆಮೇಲೆ ಒಬ್ಬ ಹಿರಿಯ ಸಹೋದ್ಯೋಗಿ, ತಮ್ಮ ಕಾಲೇಜಿನ ದಿನಗಳ ಯಾವುದೋ ನೋಟ್ಸ್ ನೆನಪಿಸಿಕೊಂಡು, ‘ಇದನ್ನು ಸುಟ್ಟು ನೋಡುವಾ’ ಅಂದರು. ಸಿಗಡಿಗೆ ಮೆಗ್ನೀಷಿಯಂ ನೈಟ್ರೇಟ್ ಬೆರೆಸಿ, ಒಣಗಿಸಿ, ರಾತ್ರಿಯಿಡೀ ಕುಲುಮೆಯಲ್ಲಿ ಬೂದಿ ಮಾಡಿದೆವು. ಬೆಳಿಗ್ಗೆ ಬಿಳಿ ಬೂದಿ. ಅದನ್ನು ಕರಗಿಸಿ ಮೆಷಿನ್‌ಗೆ ಕೊಟ್ಟರೆ ಸಂಖ್ಯೆ ಚಂಗನೆ ಮೇಲೆ ಹಾರಿತು. ಖರೀದಿದಾರನ ಸಂಖ್ಯೆಯ ಹತ್ತಿರಕ್ಕೇ ಬಂತು.

ಆದದ್ದು ಏನೆಂದರೆ, ಆರ್ಸೆನೊಬೀಟೈನ್ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೂ ಹಾಗೇ ಕೂತಿರುತ್ತದೆ. ಮುನ್ನೂರು ಡಿಗ್ರಿಯ ಹತ್ತಿರಕ್ಕೆ ಹೋದರೇ ಅದು ಬಿಡಿಸಿಕೊಳ್ಳುವುದು. ಮುರಿಯದೆ ಇದ್ದರೆ ಅದು ಅನಿಲವಾಗಿ ಏಳುವುದೂ ಇಲ್ಲ, ಹಾಗಾಗಿ ನಮ್ಮ ಮೆಷಿನ್‌ಗೆ ಅದು ಕಾಣುತ್ತಲೇ ಇರಲಿಲ್ಲ. ನಮಗೆ ಕಂಡದ್ದು ಸುಲಭವಾಗಿ ಅನಿಲವಾಗುವ ಭಾಗ ಮಾತ್ರ. ನಿಜವಾಗಿ ಕಚ್ಚುವ ಆರ್ಸೆನಿಕ್ ಇರುವುದು ಆ ಭಾಗದಲ್ಲೇ!

ಅಂದರೆ ನನಗೆ ಬೈಗುಳ ತಂದ ಆ ‘ತಪ್ಪು’ ಸಂಖ್ಯೆ, ಸಿಗಡಿ ತಿನ್ನುವವನ ದೃಷ್ಟಿಯಿಂದ ನೋಡಿದರೆ, ‘ಸರಿ’ ಸಂಖ್ಯೆಗಿಂತ ಹೆಚ್ಚು ಉಪಯೋಗದ್ದಾಗಿತ್ತು. ಇದನ್ನು ಮೇಲಿನವರಿಗೆ ಹೇಳುವ ಧೈರ್ಯ ಆಗ ನನಗೆ ಇರಲಿಲ್ಲ. ಈಗ ನಿವೃತ್ತಿ ಆಗಿದೆ, ಹೇಳುತ್ತಿದ್ದೇನೆ.

ಆಮೇಲೆ ದೊಡ್ಡ ಮೆಷಿನ್‌ಗಳು ಬಂದವು. ಐಸಿಪಿ-ಎಂಎಸ್ ಅಂತ. ಅದು ಆರ್ಗಾನ್ ಅನಿಲದ ಜ್ವಾಲೆಯಲ್ಲಿ ಎಲ್ಲವನ್ನೂ ಬಿಡಿಬಿಡಿ ಮಾಡಿ, ತೂಕ ನೋಡಿ ಎಣಿಸುತ್ತದೆ. ಆರ್ಸೆನಿಕ್‌ನ ತೂಕ 75. ಅದಕ್ಕೂ ಒಂದು ತಮಾಷೆ ಇದೆ. ಆರ್ಗಾನ್‌ನದು 40, ಉಪ್ಪಿನಲ್ಲಿರುವ ಕ್ಲೋರಿನ್‌ನದು 35. ಎರಡೂ ಜೋಡಿಯಾದರೆ ಅದೇ 75. ಮೀನು ಕಡಲಿನದು, ಉಪ್ಪಿಗೇನು ಬರ? ಜಾಗ್ರತೆ ಮಾಡದಿದ್ದರೆ ಉಪ್ಪನ್ನೇ ಮೆಷಿನ್ ಆರ್ಸೆನಿಕ್ ಅಂತ ಎಣಿಸಿಬಿಡುತ್ತದೆ. ಹೊಸ ಮೆಷಿನ್‌ಗಳಲ್ಲಿ ಹೀಲಿಯಂ ಬಿಟ್ಟು ಆ ಜೋಡಿಯನ್ನು ತಡೆಯುತ್ತಾರೆ. ಆದರೂ ಒಂದು ಸಂಖ್ಯೆ ನನ್ನ ಮುಂದೆ ಬಂದರೆ ಇವತ್ತಿಗೂ ಮೊದಲು ಹೊಳೆಯುವುದು ಇದೇ: ಉಪ್ಪು ತೆಗೆದು ನೋಡಿದ್ದಾರಾ?

ಈಗ ವಿಷದ ವಿಚಾರ. ಬಿಳಿ ಪಾಷಾಣದ ಆರ್ಸೆನಿಕ್‌ಗೆ ಖಾಲಿ ಕೈಗಳಿವೆ. ನಮ್ಮ ಮೈಯ ಪ್ರೋಟೀನಿನಲ್ಲಿ ಗಂಧಕ ಇರುವ ಜಾಗಗಳನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ, ಅಲ್ಲಿಗೆ ಆ ಪ್ರೋಟೀನಿನ ಕೆಲಸ ನಿಲ್ಲುತ್ತದೆ. ಆರ್ಸೆನೊಬೀಟೈನ್‌ನಲ್ಲಿ ಅದೇ ಆರ್ಸೆನಿಕ್‌ನ ನಾಲ್ಕು ಕೈಯನ್ನೂ ಇಂಗಾಲ ಹಿಡಿದುಕೊಂಡಿದೆ. ಕತ್ತಿ ಹಿಡಿದು ಬಂದವನೂ, ಕೈಕಾಲು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತವನೂ ಒಬ್ಬನೇ ಮನುಷ್ಯ ಇರಬಹುದು. ಹೆದರಬೇಕಾದ್ದು ಇಬ್ಬರಿಗೂ ಒಂದೇ ಥರವಾ? ಸಣ್ಣ ಜಾತಿಯ ಇಲಿಗಳ ಮೇಲೆ ಮಾಡಿದ ಪರೀಕ್ಷೆಯ ಲೆಕ್ಕ ಇದೆ. ಬಿಳಿ ಪಾಷಾಣ ಕಿಲೋ ತೂಕಕ್ಕೆ ಸುಮಾರು 35 ಮಿಲಿಗ್ರಾಂ ಕೊಟ್ಟರೆ ಅರ್ಧದಷ್ಟು ಸಾಯುತ್ತವೆ. ಆರ್ಸೆನೊಬೀಟೈನ್ ಕಿಲೋಗೆ 10 ಗ್ರಾಂ ಕೊಟ್ಟರೂ ಸಾಯಲಿಲ್ಲ. ಗ್ರಾಂ, ಮಿಲಿಗ್ರಾಂ ಅಲ್ಲ. ಅಡುಗೆ ಉಪ್ಪನ್ನು ಅಷ್ಟು ಕೊಟ್ಟಿದ್ದರೆ ಅವು ಬದುಕುತ್ತಿರಲಿಲ್ಲ.

ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿ ಮಾಡುವ ವಿಶ್ವ ಆರೋಗ್ಯ ಸಂಸ್ಥೆಯ ಅಂಗ ಐಎಆರ್‌ಸಿ ಕೂಡ ಹೀಗೇ ಬೇರೆ ಮಾಡಿದೆ. ನಿರವಯವ ಆರ್ಸೆನಿಕ್, ಅಂದರೆ ಬಿಳಿ ಪಾಷಾಣದ ಹಾಗೆ ಇಂಗಾಲ ಸೇರದ್ದು, ಮೊದಲ ಗುಂಪಿನಲ್ಲಿದೆ, ಅದು ಕ್ಯಾನ್ಸರ್ ತರುತ್ತದೆ, ಸಂಶಯ ಇಲ್ಲ. ಆರ್ಸೆನೊಬೀಟೈನ್ ಮೂರನೇ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುತ್ತದೆ ಅನ್ನಲು ಸಾಕ್ಷಿ ಸಾಲದು. ಹಾಗೇ, ‘ಸಾವಯವ ಆರ್ಸೆನಿಕ್’ ಎಂದಾಗ ತರಕಾರಿ ಅಂಗಡಿಯ ಸಾವಯವ ಅಂದುಕೊಳ್ಳಬೇಡಿ. ಇಲ್ಲಿ ಅದಕ್ಕೆ ಇಂಗಾಲದ ಜತೆ ಸೇರಿದ್ದು ಎಂದಷ್ಟೇ ಅರ್ಥ.

ಭಾವನ ಕತೆ ಈಗ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಗಂಡ ಒಂದು ಕಡೆ ‘ಫುಲ್ ಬಾಡಿ’ ಪ್ಯಾಕೇಜ್ ಮಾಡಿಸಿಕೊಂಡರು. ರಿಯಾಯಿತಿ ಇತ್ತಂತೆ. ರಿಪೋರ್ಟ್ ಬಂತು, ಮೂತ್ರದಲ್ಲಿ ಆರ್ಸೆನಿಕ್ ಮಿತಿಗಿಂತ ಆರೇಳು ಪಟ್ಟು ಅಂತ ಕೆಂಪು ಅಕ್ಷರದಲ್ಲಿ. ಭಾವ ಊಟ ಬಿಟ್ಟರು. ಬಾವಿ ನೀರು ಬಿಟ್ಟು ಕ್ಯಾನ್ ನೀರು ತರಿಸಿದರು. ಅಕ್ಕ ಅಳುತ್ತಾ ಫೋನ್ ಮಾಡಿದಳು. ನಾನು ಕೇಳಿದ್ದು ಒಂದೇ ಮಾತು: ‘ಪರೀಕ್ಷೆಗೆ ಹೋಗುವ ಮೊದಲು ಏನು ತಿಂದಿದ್ದಿರಿ ಭಾವ?’ ಹಿಂದಿನ ದಿನ ಏಡಿ ಸುಕ್ಕ, ಅದರ ಹಿಂದಿನ ದಿನ ಸಿಗಡಿ ಗಸಿ, ಭಾನುವಾರ ಮರುವಾಯಿ ಪುಂಡಿ. ಆರ್ಸೆನೊಬೀಟೈನ್ ಮೈಯಲ್ಲಿ ಏನೂ ಬದಲಾಗದೆ ಎರಡು ಮೂರು ದಿನದಲ್ಲಿ ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಅವರು ಅಳೆದದ್ದು ಅದನ್ನೇ. ಪರೀಕ್ಷೆಗೆ ಮೊದಲು ಕೆಲವು ದಿನ ಕಡಲ ಮೀನು ತಿನ್ನಬಾರದು ಅಂತ ಹೇಳಬೇಕಾದ್ದು ಅವರ ಕೆಲಸ. ಯಾರೂ ಹೇಳಿರಲಿಲ್ಲ. ಒಂದು ವಾರ ಭಾವ ತೊವ್ವೆ, ತಂಬುಳಿ ತಿಂದುಕೊಂಡು ಸಣ್ಣ ಮುಖ ಮಾಡಿಕೊಂಡು ಕೂತರು. ಆಮೇಲೆ ಮತ್ತೆ ಪರೀಕ್ಷೆ. ಎಲ್ಲಾ ಸರಿ. ಬಾವಿ ಪಾಪ, ಸುಮ್ನೆ ಹೆಸರು ಕೆಡಿಸಿಕೊಂಡಿತ್ತು.

ಹಾಗಂತ ಕಡಲಿನಿಂದ ಬಂದದ್ದೆಲ್ಲ ತಂಪು ಅಂತ ನಾನು ಹೇಳುತ್ತಿಲ್ಲ. ಮೀನಿನವರ ಮಗಳು ಮೀನಿನ ಪರ ಮಾತಾಡುತ್ತಾಳೆ ಅಂತ ಯಾರೂ ಅನ್ನಬಾರದು. ಜಪಾನಿನವರು ತಿನ್ನುವ ಹಿಜಿಕಿ ಎಂಬ ಕಪ್ಪು ಕಡಲಪಾಚಿ ಇದೆ. ಅದರಲ್ಲಿ ನಿರವಯವ ಆರ್ಸೆನಿಕ್ಕೇ ಬಹಳ. 2001ರಲ್ಲಿ ಕೆನಡಾ, 2004ರಲ್ಲಿ ಬ್ರಿಟನ್ ಅದನ್ನು ತಿನ್ನಬೇಡಿ ಅಂತ ಜನರಿಗೆ ಹೇಳಿದವು. ಬೇರೆ ಪಾಚಿಗಳ ಆರ್ಸೆನೊ ಸಕ್ಕರೆ ನಮ್ಮ ಹೊಟ್ಟೆಯಲ್ಲಿ ಒಡೆದು ಬೇರೆ ರೂಪ ತಾಳುತ್ತದೆ, ಅದು ಆರ್ಸೆನೊಬೀಟೈನ್‌ನಷ್ಟು ಸಾಧು ಅಲ್ಲ. ಎಣ್ಣೆ ಇರುವ ಮೀನುಗಳಲ್ಲಿ ಕೊಬ್ಬಿಗೆ ಅಂಟಿದ ಆರ್ಸೆನಿಕ್ ಕೂಡ ಇದೆ ಎಂದು 2008ರ ಹೊತ್ತಿಗೆ ತಿಳಿಯಿತು. ಅದರಲ್ಲಿ ಕೆಲವು ಬಗೆಗಳು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳಿಗೆ ತೊಂದರೆ ಕೊಟ್ಟಿವೆ. ಇದನ್ನೆಲ್ಲ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಇಂಥ ಆರ್ಸೆನಿಕ್, ಇಂಥ ಜೀವಿಯಲ್ಲಿ ಅಂತ ಬರೆಯಿರಿ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ನಾರ್ತ್ ರೊನಾಲ್ಡ್ಸೆ ಎಂಬ ಚಿಕ್ಕ ದ್ವೀಪ ಇದೆ. ಅಲ್ಲಿನ ಕುರಿಗಳಿಗೆ ಹುಲ್ಲು ಸಿಗದಂತೆ ಸುತ್ತ ಗೋಡೆ ಕಟ್ಟಿದ್ದಾರೆ. ಅವು ಹೆಚ್ಚಾಗಿ ದಡದ ಪಾಚಿ ತಿಂದೇ ಬದುಕುತ್ತವೆ. ಆರ್ಸೆನೊ ಸಕ್ಕರೆಯನ್ನು ದಿನಾ ಮೇಯುವ ಕುರಿಗಳು! ಅವುಗಳ ಮೂತ್ರವನ್ನು, ಉಣ್ಣೆಯನ್ನು ಪರೀಕ್ಷೆ ಮಾಡಿದವರಿದ್ದಾರೆ. ಓದಿದಾಗ ನನಗೆ ನಗು ಬಂತು. ಭಾವನ ಬಾಟಲಿ ನೆನಪಾಯಿತು.

ನಿಮ್ಮ ಬರಹದಲ್ಲಿ ಮೀನಿನ ಜತೆ ಅನ್ನದ ಹೆಸರೇ ಇರಲಿಲ್ಲ. ವಿಚಿತ್ರ ಎಂದರೆ, ಮೀನು ಸಾರು ಅನ್ನ ಉಣ್ಣುವವನ ತಟ್ಟೆಯಲ್ಲಿ ನಿರವಯವ ಆರ್ಸೆನಿಕ್ ಹುಡುಕುವುದಾದರೆ ಮೊದಲು ನೋಡಬೇಕಾದ್ದು ಅನ್ನವನ್ನು. ಭತ್ತ ನಿಂತ ನೀರಿನಲ್ಲಿ ಬೆಳೆಯುತ್ತದೆ. ಗಾಳಿಯಾಡದ ಕೆಸರಿನಲ್ಲಿ ಮಣ್ಣಿನ ಆರ್ಸೆನಿಕ್ ಬಿಡುಗಡೆಯಾಗಿ, ಭತ್ತದ ಬೇರು ಮರಳಿನ ಅಂಶ ಹೀರುವ ಬಾಗಿಲಿನಿಂದಲೇ ಒಳಗೆ ನುಗ್ಗುತ್ತದೆ. ಹಾಗಾಗಿ 2014ರಲ್ಲಿ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಂಡಳಿ ಬಿಳಿ ಅಕ್ಕಿಗೆ ಕಿಲೋಗೆ 0.2 ಮಿಲಿಗ್ರಾಂ ಅಂತ ಮಿತಿ ಹಾಕಿತು. ಅದೂ ಒಟ್ಟು ಆರ್ಸೆನಿಕ್‌ಗೆ ಅಲ್ಲ, ನಿರವಯವ ಆರ್ಸೆನಿಕ್‌ಗೆ ಮಾತ್ರ. ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿದರೆ ಅದರಲ್ಲಿ ಒಳ್ಳೆಯ ಪಾಲು ನೀರಿನ ಜತೆ ಹೋಗುತ್ತದೆ. ನಮ್ಮ ಕುಚ್ಚಲಕ್ಕಿ ಅನ್ನ ಮಾಡುವ ಕ್ರಮವೇ ಅದು. ಆದರೆ ಬಸಿದ ತಿಳಿಗೆ ಉಪ್ಪು ಹಾಕಿ ನಾವೇ ಕುಡಿಯುತ್ತೇವೆ, ಅದು ಬೇರೆ ಮಾತು. ದಯವಿಟ್ಟು ಮುಂದಿನ ವಾರ ‘ಗಂಜಿಯಲ್ಲಿ ಪಾಷಾಣ’ ಅಂತ ಹಾಕಬೇಡಿ.

ಇನ್ನು ಪಾದರಸ. ಇಲ್ಲಿ ಎಲ್ಲಾ ಉಲ್ಟಾ. ಆರ್ಸೆನಿಕ್ ಇಂಗಾಲದ ಜತೆ ಸೇರಿದರೆ ಹೆಚ್ಚಾಗಿ ಸಾಧುವಾಗುತ್ತದೆ. ಪಾದರಸ ಇಂಗಾಲದ ಜತೆ ಸೇರಿ ಮಿಥೈಲ್ ಪಾದರಸ ಆದರೆ ರಾಕ್ಷಸ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆ ಅದರಿಂದಲೇ. ಕಾರ್ಖಾನೆಯ ನೀರು ಕೊಲ್ಲಿಗೆ, ಕೊಲ್ಲಿಯಿಂದ ಮೀನಿಗೆ, ಮೀನಿನಿಂದ ಮೀನುಗಾರರ ಮನೆಯ ಮಕ್ಕಳಿಗೆ. ಅದು ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಹೆಚ್ಚುತ್ತದೆ. ಅದಕ್ಕೇ ನಾನು ಬಸುರಿಯರಿಗೆ ದೊಡ್ಡ ತಾಟೆ (ಶಾರ್ಕ್) ಮೀನು ಬೇಡ, ಬೂತಾಯಿ ಬಂಗುಡೆ ತಿನ್ನಿ ಅನ್ನುತ್ತೇನೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ ಪಾದರಸಕ್ಕೆ ಒಂದು ಮಿತಿ, ಮಿಥೈಲ್ ಪಾದರಸಕ್ಕೆ ಬೇರೆ ಮಿತಿ ಇದೆ. ರೂಪ ನೋಡಬೇಕು ಎಂಬುದು ನಮ್ಮವರಿಗೆ ಗೊತ್ತಿಲ್ಲದ್ದಲ್ಲ, ಅಲ್ವಾ?

ತವರದ್ದೂ ಇದೇ ಕತೆ. ತವರದ ಡಬ್ಬಿಯಲ್ಲಿ ಮೀನು ಬರುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಅದೇ ತವರವನ್ನು ಟ್ರೈಬ್ಯೂಟೈಲ್ ತವರ ಮಾಡಿ ಹಡಗಿನ ತಳಕ್ಕೆ ಬಳಿದರು, ಚಿಪ್ಪು ಹುಳ ಅಂಟದಿರಲಿ ಅಂತ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ದಪ್ಪವಾಗಿ, ವಕ್ರವಾಗಿ, ಮರಿಯೇ ಆಗದೆ ಬೆಳೆ ನೆಲಕಚ್ಚಿತು. ಕಡಲ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯಿತು. ಲೀಟರ್ ನೀರಿಗೆ ಕೆಲವೇ ನ್ಯಾನೋಗ್ರಾಂ ಸಾಕು ಅದಕ್ಕೆ. 1982ರಲ್ಲಿ ಫ್ರಾನ್ಸ್ ಚಿಕ್ಕ ದೋಣಿಗಳಿಗೆ ಆ ಬಣ್ಣ ನಿಲ್ಲಿಸಿತು. ಇಡೀ ಲೋಕಕ್ಕೆ ನಿಷೇಧ ಜಾರಿಗೆ ಬರಲು 2008 ಆಯಿತು. ‘ತವರ ಎಷ್ಟಿದೆ’ ಅಂತ ಮಾತ್ರ ಕೇಳಿದ್ದರೆ ಇದು ಯಾವತ್ತೂ ಸಿಕ್ಕಿಬೀಳುತ್ತಿರಲಿಲ್ಲ.

ಏಡಿಯಲ್ಲಿ ತಾಮ್ರ ಜಾಸ್ತಿ ಅಂತ ಯಾರಾದರೂ ಬರೆದರೂ ಗಾಬರಿ ಬೇಡ. ಏಡಿಯ ರಕ್ತವೇ ತಾಮ್ರದ್ದು, ನಮ್ಮದು ಕಬ್ಬಿಣದ್ದು ಇದ್ದ ಹಾಗೆ. ಬೊಂಡಾಸ್, ಅಂದರೆ ಸ್ಕ್ವಿಡ್ ವಿಚಾರದಲ್ಲಿ ಮಾತ್ರ ಒಂದು ಮಾತು. ಅದು ಕ್ಯಾಡ್ಮಿಯಂ ಎಂಬ ವಿಷದ ಲೋಹವನ್ನು ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಕೂಡಿಡುತ್ತದೆ. ಯುರೋಪಿನ ಮಿತಿ ಕಿಲೋಗೆ 1 ಮಿಲಿಗ್ರಾಂ, ಅದೂ ಹೊಟ್ಟೆ ತೆಗೆದ ಬೊಂಡಾಸ್‌ಗೆ. ಐಸ್ ಹಾಕದೆ ಇಟ್ಟರೆ, ಹೊಟ್ಟೆ ಒಡೆದರೆ, ಅದು ಮಾಂಸಕ್ಕೂ ಇಳಿಯುತ್ತದೆ. ಮನೆಯಲ್ಲಿ ಮಾಡುವಾಗ ಒಳಗಿನದ್ದನ್ನು ಒಡೆಯದ ಹಾಗೆ ಎಳೆದು ತೆಗೆಯಿರಿ, ಚೆನ್ನಾಗಿ ತೊಳೆಯಿರಿ. ಇದು ನನ್ನ ಅಮ್ಮನಿಗೆ ಕ್ಯಾಡ್ಮಿಯಂ ಹೆಸರು ಗೊತ್ತಿಲ್ಲದೆಯೂ ಗೊತ್ತಿತ್ತು. ಅವರು ಕಹಿ ಆಗುತ್ತದೆ ಅನ್ನುತ್ತಿದ್ದರು.

ಬರಹ ಬಂದ ಮೇಲೆ ಬೆಂಗಳೂರಿನ ಒಬ್ಬ ಪರಿಚಯದವರು ನನಗೆ ವಾಟ್ಸಾಪ್‌ನಲ್ಲಿ ಇನ್ನೊಂದು ಕಳಿಸಿದರು. ‘ನೋಡಿ, ನಿಮ್ಮ ಮಂಗಳೂರಲ್ಲೇ ಆರ್ಸೆನಿಕ್ ಸಿಕ್ಕಿದೆಯಂತೆ.’ ಓದಿದೆ. ಅದು ಯಾದಗಿರಿ ಜಿಲ್ಲೆ ಸುರಪುರ ಭಾಗದ ಮಂಗಳೂರು! ಅಲ್ಲಿ ಹಳೆಯ ಚಿನ್ನದ ಗಣಿ ಇತ್ತು. ಆ ಸೀಮೆಯ ಕಲ್ಲಿನಲ್ಲಿ ಆರ್ಸೆನಿಕ್ ಇದೆ, ಅದು ಬೋರ್‌ವೆಲ್ ನೀರಿಗೆ ಇಳಿದಿದೆ. ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲು ಗಂಟುಗಂಟಾಗಿ, ಮೈಮೇಲೆ ಕಪ್ಪು ಚುಕ್ಕೆ ಎದ್ದದ್ದು ದಾಖಲಾಗಿದೆ. ಅದು ನಿರವಯವ ಆರ್ಸೆನಿಕ್, ಖಾಲಿ ಕೈಯದ್ದು. ಅದನ್ನು ಅವರು ವಾರಕ್ಕೊಮ್ಮೆ ಸಾರಿನಲ್ಲಿ ತಿಂದದ್ದಲ್ಲ, ದಿನಾ ಕೊಡಗಟ್ಟಲೆ ಕುಡಿದದ್ದು. ಕುಡಿಯುವ ನೀರಿಗೆ ಲೀಟರಿಗೆ 10 ಮೈಕ್ರೋಗ್ರಾಂ ಅಂತ ಇಟ್ಟ ಮಿತಿ ಇಂಥವರಿಗಾಗಿ ಇರುವುದು. ನಿಮ್ಮ ಆರೋಗ್ಯ ಪುಟದಲ್ಲಿ ‘ಪಾಷಾಣ’ ಎಂಬ ಪದಕ್ಕೆ ಜಾಗ ಇದ್ದರೆ, ಅದನ್ನು ಆ ತಾಂಡಾಕ್ಕೆ ಕೊಡಿ. ನಮ್ಮ ಬಂಗುಡೆಗೆ ಕೊಟ್ಟು ಖಾಲಿ ಮಾಡಬೇಡಿ.

ಆ ನೀರಿನ ಮಿತಿಯನ್ನು ತಂದು ಸಿಗಡಿಗೆ ಹಿಡಿದದ್ದೇ ನಿಮ್ಮ ಬರಹದ ತಪ್ಪು. ನನ್ನ ಹತ್ತಿರ ಒಂದು ಚಿಕ್ಕ ಬಾಟಲಿ ಇದೆ. ಲ್ಯಾಬ್‌ನಲ್ಲಿ ಖಾಲಿಯಾದ ಮೇಲೆ ಬಿಸಾಡುವುದನ್ನು ಕೇಳಿ ತಂದದ್ದು. ಡಾರ್ಮ್-2 ಅಂತ ಅದರ ಹೆಸರು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ಜಾತಿಯ ಸಣ್ಣ ಶಾರ್ಕ್ ಮೀನಿನ ಮಾಂಸವನ್ನು ಒಣಗಿಸಿ, ಪುಡಿ ಮಾಡಿ, ಇದರಲ್ಲಿ ಇದು ಇಷ್ಟಿದೆ ಅಂತ ಖಾತ್ರಿ ಮಾಡಿ ಲೋಕದ ಲ್ಯಾಬ್‌ಗಳಿಗೆ ಮಾರುತ್ತಿತ್ತು. ನಮ್ಮ ಮೆಷಿನ್ ಸರಿ ಓದುತ್ತಿದೆಯಾ ಅಂತ ನೋಡಲು ಅದನ್ನೇ ಮೊದಲು ಹಾಕುತ್ತಿದ್ದೆವು. ಅದರ ಪತ್ರದಲ್ಲಿ ಒಟ್ಟು ಆರ್ಸೆನಿಕ್ ಕಿಲೋಗೆ 18.0 ಮಿಲಿಗ್ರಾಂ ಅಂತ ಇದೆ. ನಿಮ್ಮ ಲೇಖಕರ ಲೆಕ್ಕದಲ್ಲಿ ನೀರಿನ ಮಿತಿಯ 1800 ಪಟ್ಟು. ಅದೇ ಪತ್ರದಲ್ಲಿ ಇನ್ನೊಂದು ಸಾಲೂ ಇದೆ: ಅದರಲ್ಲಿ 16.4 ಮಿಲಿಗ್ರಾಂ ಆರ್ಸೆನೊಬೀಟೈನ್. ಮೊದಲ ಸಾಲು ಮಾತ್ರ ಓದಿದರೆ ಅದು ವಿಷದ ಬಾಟಲಿ. ಎರಡೂ ಓದಿದರೆ ಒಣ ಮೀನಿನ ಪುಡಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕಾನೂನಿನಲ್ಲಿ ಮೀನು ಮತ್ತು ಸಿಗಡಿ ಏಡಿಗಳಿಗೆ ಕಿಲೋಗೆ 2 ಮಿಲಿಗ್ರಾಂ, ಚಿಪ್ಪುಮೀನು ಮತ್ತು ಪಾಚಿಗೆ 1 ಮಿಲಿಗ್ರಾಂ ಅಂತ ಮಿತಿ ಇದೆ. ಎಲ್ಲವೂ ನಿರವಯವ ಆರ್ಸೆನಿಕ್‌ಗೇ. ಕಲ್ಲೇಡಿಯ ದೇಶ ಅಲ್ವಾ, ಅವರಿಗೆ ಬೇಗ ಅರ್ಥವಾಯಿತು. ಹಾಗೆ ಬೇರೆ ಮಾಡಿ ಅಳೆಯಲು ಐಸಿಪಿ ಮೆಷಿನ್‌ನ ಮುಂದೆ ಇನ್ನೊಂದು ಉದ್ದ ಕೊಳವೆಯ ಮೆಷಿನ್ ಜೋಡಿಸಬೇಕು. ಆ ಕೊಳವೆಯೊಳಗೆ ಒಂದೊಂದು ರೂಪದ ಆರ್ಸೆನಿಕ್ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ, ಬಸ್‌ಸ್ಟ್ಯಾಂಡಿನಿಂದ ಬಸ್ಸುಗಳು ಹೊರಟ ಹಾಗೆ. ಖರ್ಚು ಜಾಸ್ತಿ. ಆದರೆ ಮೀನುಗಾರಿಕೆಯ ಮೇಲೆ ಇಷ್ಟೊಂದು ಸಂಸಾರ ನಿಂತಿರುವ ಕರಾವಳಿಯಲ್ಲಿ ಇದು ದೊಡ್ಡ ಖರ್ಚಲ್ಲ. ಸರಕಾರ ಮನಸ್ಸು ಮಾಡಬೇಕು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದೆ ಯಾರಾದರೂ ಒಂದು ಸಂಖ್ಯೆ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದರೆ, ಇದು ಒಟ್ಟು ಆರ್ಸೆನಿಕ್ಕಾ, ನಿರವಯವದ್ದಾ ಅಂತ ಕೇಳಿ. ಹಸಿ ಮೀನಿನ ತೂಕಕ್ಕಾ, ಒಣಗಿಸಿದ ತೂಕಕ್ಕಾ ಅಂತಲೂ ಕೇಳಿ, ಯಾಕೆಂದರೆ ಒಣಗಿಸಿದರೆ ನಾಲ್ಕೈದು ಪಟ್ಟು ಹೆಚ್ಚು ಕಾಣುತ್ತದೆ. ಉತ್ತರ ಬರದಿದ್ದರೆ ಆ ದಿನ ಆ ಜಾಗಕ್ಕೆ ಪದಬಂಧ ಹಾಕಿ. ಮತ್ತು ಈ ಪತ್ರವನ್ನು ಹಾಕುವುದಾದರೆ ಆರೋಗ್ಯ ಪುಟದಲ್ಲೇ ಹಾಕಿ. ವಾಚಕರ ವಾಣಿಯ ಮೂಲೆಯನ್ನು ಸಿಗಡಿ ಕೊಳ್ಳುವವರು ಓದುವುದಿಲ್ಲ.

ನಿಮ್ಮ ಲೇಖಕರ ಮೇಲೆ ನನಗೆ ಸಿಟ್ಟು ಇಲ್ಲ. ಅವರು ಮಲ್ಪೆ ಕಡೆಗೆ ಬಂದರೆ ಮನೆಗೆ ಬರಲಿ, ಬಾಟಲಿಯನ್ನೂ ಆ ಪತ್ರವನ್ನೂ ತೋರಿಸುತ್ತೇನೆ. ಊಟದ ಹೊತ್ತಿಗೆ ಬಂದರೆ ಸಿಗಡಿ ಗಸಿ ಮಾಡುತ್ತೇನೆ. ಸೋಮವಾರ, ಶನಿವಾರ ಮಾತ್ರ ಬೇಡ. ಆ ಎರಡು ದಿನ ನಮ್ಮಲ್ಲಿ ಮೀನಿಲ್ಲ.

ಇಂತಿ,
ನಿವೃತ್ತ ಲ್ಯಾಬ್ ಸಹಾಯಕಿ,
ಮಲ್ಪೆ